ಬಟನ್ ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ

ಬೀರುವಿನ ಮೂಲೆಯಲ್ಲೋ ಟೀವಿ ಕೆಳಗಿನ ಡ್ರಾಯರಿನಲ್ಲೋ ಒಂದು ಹಳೇ ಬಟನ್ ಫೋನು ಬಿದ್ದಿರುತ್ತದೆ. ತೀರಿಹೋದ ಅಜ್ಜಿಯ ಕೊನೆಯ ಫೋಟೋ, ಮಾರಿಬಿಟ್ಟ ಎತ್ತಿನ ಜೋಡಿ, ಮಗು ಮೊದಲ ಸಲ ಎದ್ದು ನಿಂತ ಗಳಿಗೆ, ಎಲ್ಲ ಅದರಲ್ಲೇ ಇರುತ್ತವೆ, ಬೇರೆಲ್ಲೂ ಇರುವುದಿಲ್ಲ. ಇಂಥ ಫೋನುಗಳಿಗೆ ಗೂಗಲ್ ಅಕೌಂಟಿನ ಬ್ಯಾಕಪ್ ಇರುವುದಿಲ್ಲ. ಫೋನು ಕೆಟ್ಟರೆ, ಕಾರ್ಡು ಸತ್ತರೆ ಫೋಟೋಗಳೂ ಅದರ ಜೊತೆಗೇ ಹೋದವು. ಆದ್ದರಿಂದ ಫೋನು ಇನ್ನೂ ಆನ್ ಆಗುತ್ತಿರುವಾಗಲೇ ಈ ಕೆಲಸ ಮುಗಿಸಿ.

ಬಹಳಷ್ಟು ಜನ ಮೊದಲು ಹುಡುಕುವುದು ಕೇಬಲ್ಲನ್ನು. ಅಲ್ಲೇ ಅರ್ಧ ದಿನ ಹೋಗುತ್ತದೆ. ಕೇಬಲ್ಲು ಸಿಕ್ಕರೆ ಫೋನು ಅದನ್ನು ಗುರುತಿಸುವುದಿಲ್ಲ, ಗುರುತಿಸಿದರೆ ಕಂಪ್ಯೂಟರು ಡ್ರೈವರ್ ಎಂಬ ತಂತ್ರಾಂಶ ಕೇಳುತ್ತದೆ. ಆದರೆ ಈ ಫೋನುಗಳಲ್ಲಿ ಫೋಟೋ ಇರುವುದು ಸಾಮಾನ್ಯವಾಗಿ ಮೆಮೊರಿ ಕಾರ್ಡಿನಲ್ಲಿ. ಆ ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿಗೆ ಹಾಕಿದರೆ ಕಂಪ್ಯೂಟರಿಗೆ ಅದೊಂದು ಪೆನ್‌ಡ್ರೈವ್ ಇದ್ದಂತೆ. ಫೋನು ಯಾವ ಕಂಪನಿಯದು, ಎಷ್ಟು ಹಳೆಯದು ಎಂಬುದೆಲ್ಲ ಆಗ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಡೇ ಇಲ್ಲದ ಫೋನಿಗೆ ಬ್ಲೂಟೂತ್ ಇದೆ. ಕೇಬಲ್ಲನ್ನು ಕೊನೆಗೆ ಇಟ್ಟುಕೊಳ್ಳಿ.

ಫೋಟೋ ಎಲ್ಲಿದೆ ಎಂದು ಮೊದಲು ನೋಡಿ

ಫೋನಿನ ಮೆನುವಿನಲ್ಲಿ ಫೈಲ್ ಮ್ಯಾನೇಜರ್ ಅಥವಾ ಗ್ಯಾಲರಿ ತೆರೆಯಿರಿ. ಹಲವು ಫೋನುಗಳಲ್ಲಿ ಅಲ್ಲೇ ಎರಡು ಸಾಲು ಕಾಣುತ್ತವೆ: ಒಂದು ಫೋನ್, ಇನ್ನೊಂದು ಮೆಮೊರಿ ಕಾರ್ಡ್. ಎರಡರೊಳಗೂ ಹೋಗಿ ನೋಡಿ. ಕಾರ್ಡು ಹಾಕುವ ಮೊದಲು ತೆಗೆದ ಫೋಟೋಗಳು ಫೋನ್ ಮೆಮೊರಿಯಲ್ಲೇ ಉಳಿದಿರುತ್ತವೆ, ಕಾರ್ಡು ಹಾಕಿದ ಮಾತ್ರಕ್ಕೆ ತಾವಾಗಿ ಅಲ್ಲಿಗೆ ಹೋಗುವುದಿಲ್ಲ. ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಅರ್ಧ ಫೋಟೋ ಮಾತ್ರ ಕಂಡಾಗ ಮಿಕ್ಕವು ಅಳಿಸಿಹೋದವು ಎಂದು ಗಾಬರಿಯಾಗುವುದು ಇದೇ ಕಾರಣಕ್ಕೆ.

ಬಟನ್ ಫೋನಿನ ಒಳಮೆಮೊರಿ ತೀರಾ ಸಣ್ಣದು. 2017ರಲ್ಲಿ ಹೊಸ ರೂಪದಲ್ಲಿ ಬಂದ ನೋಕಿಯಾ 3310ರಲ್ಲಿ ಇದ್ದದ್ದು 16 ಎಂಬಿ. ಅದೇ ವರ್ಷ ಬಂದ ಜಿಯೋಫೋನಿನಲ್ಲಿ 4 ಜಿಬಿ ಇದೆ, ಬಟನ್ ಫೋನುಗಳ ಲೆಕ್ಕದಲ್ಲಿ ಅದು ಧಾರಾಳ. ಒಳಮೆಮೊರಿಯಲ್ಲಿರುವ ಫೋಟೋಗಳನ್ನು ಕಾರ್ಡಿಗೆ ನಕಲು ಮಾಡಿಕೊಳ್ಳಿ: ಫೋಟೋ ಇರುವ ಫೋಲ್ಡರಿಗೆ ಹೋಗಿ, ಆಪ್ಷನ್ಸ್ ಒತ್ತಿ, ಮಾರ್ಕ್ ಆಲ್ ಮಾಡಿ, ಕಾಪಿ ಆರಿಸಿ, ಮೆಮೊರಿ ಕಾರ್ಡ್ ತೋರಿಸಿ. ಅಲ್ಲಿ ಮೂವ್ ಎಂಬ ಆಯ್ಕೆಯೂ ಇರುತ್ತದೆ, ಅದನ್ನು ಬಳಸಬೇಡಿ. ಮೂವ್ ನಡೆಯುತ್ತಿರುವಾಗ ಬ್ಯಾಟರಿ ಮುಗಿದರೆ ಫೋಟೋ ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ಹೋಗಬಹುದು. ಕಾಪಿ ಮಾಡಿದರೆ ಮೂಲ ಇದ್ದಲ್ಲೇ ಇರುತ್ತದೆ. ಶುರು ಮಾಡುವ ಮುನ್ನ ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ.

ಹಾಗೇ ಸೌಂಡ್ಸ್, ಆಡಿಯೋ, ರೆಕಾರ್ಡಿಂಗ್ಸ್ ಎಂಬ ಫೋಲ್ಡರುಗಳನ್ನೂ ಒಮ್ಮೆ ನೋಡಿ. ಫೋಟೋದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಅಪ್ಪ ಮಾತಾಡಿದ್ದೋ ಅಜ್ಜಿ ಹಾಡಿದ್ದೋ ಒಂದೆರಡು ನಿಮಿಷದ ರೆಕಾರ್ಡಿಂಗು ಅಲ್ಲಿ ಕುಳಿತಿರಬಹುದು. ಹೆಸರಿನ ಕೊನೆಯಲ್ಲಿ ಎಎಂಆರ್ ಎಂದಿದ್ದರೆ ಅದು ಧ್ವನಿ, 3ಜಿಪಿ ಎಂದಿದ್ದರೆ ವಿಡಿಯೋ. ಎರಡನ್ನೂ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ನುಡಿಸುತ್ತದೆ, ಅದು ಉಚಿತ.

ಕಾರ್ಡನ್ನು ಹೊರತೆಗೆಯುವುದು

ಫೋನನ್ನು ಸ್ವಿಚ್ ಆಫ್ ಮಾಡಿ, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಹೊರತೆಗೆಯಿರಿ. ಮೈಕ್ರೋ ಎಸ್‌ಡಿ ಕಾರ್ಡು 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, ಹೆಚ್ಚುಕಮ್ಮಿ ಕಿರುಬೆರಳಿನ ಉಗುರಿನಷ್ಟು. ಅದು ಮೂರು ರೀತಿಯಲ್ಲಿ ಕೂತಿರುತ್ತದೆ. ಕೆಲವು ಫೋನುಗಳಲ್ಲಿ ತಗಡಿನ ಪುಟ್ಟ ಬಾಗಿಲು ಇರುತ್ತದೆ. ಅದರ ಮೇಲಿನ ಬಾಣದ ಗುರುತಿನ ಕಡೆಗೆ ಒಂದೆರಡು ಮಿ.ಮೀ. ಜರುಗಿಸಿದರೆ ಬಾಗಿಲು ಮೇಲೇಳುತ್ತದೆ. ಜರುಗಿಸದೆ ಉಗುರಿನಿಂದ ಎತ್ತಿದರೆ ತಗಡು ಬಾಗಿ, ಮುಂದೆ ಕಾರ್ಡು ಸರಿಯಾಗಿ ಕೂರುವುದೇ ಇಲ್ಲ. ಇನ್ನು ಕೆಲವಲ್ಲಿ ಸಿಮ್ ಪಕ್ಕದ ಸಂದಿಗೆ ಕಾರ್ಡನ್ನು ತೂರಿಸಿರುತ್ತಾರೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಬೇಕು. ಪಿನ್ನು, ಚಾಕು, ಚಿಮುಟ ಬಳಸಬೇಡಿ. ಮೂರನೆಯದು ಫೋನಿನ ಪಕ್ಕದಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಇರುವಂಥದ್ದು. ಅದನ್ನು ಒಮ್ಮೆ ಒಳಕ್ಕೆ ಒತ್ತಿದರೆ ಟಿಕ್ ಎಂದು ಹೊರಗೆ ಬರುತ್ತದೆ.

ಬ್ಯಾಟರಿ ಉಬ್ಬಿದ್ದರೆ ಮುಚ್ಚಳ ಬಿಗಿಯಾಗಿ ಕೂತಿರುತ್ತದೆ. ಮೊನಚು ವಸ್ತುವಿನಿಂದ ಮೀಟಬೇಡಿ, ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಅಂಥ ಬ್ಯಾಟರಿಯನ್ನು ಮತ್ತೆ ಚಾರ್ಜಿಗೂ ಹಾಕಬೇಡಿ.

ಕಾರ್ಡಿನ ಹಿಂಬದಿಯಲ್ಲಿ ಬಂಗಾರದ ಬಣ್ಣದ ಎಂಟು ಪಟ್ಟಿಗಳಿವೆ. ವರ್ಷಗಟ್ಟಲೆ ಫೋನಿನೊಳಗೇ ಕೂತ ಕಾರ್ಡಿನಲ್ಲಿ, ಅದೂ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ, ಈ ಪಟ್ಟಿಗಳು ಕಪ್ಪಗೆ ಮಂಕಾಗಿರುತ್ತವೆ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ನೀರು, ಉಗುಳು, ಸೀಮೆಎಣ್ಣೆ ಬೇಡ. "ಕಾರ್ಡು ಹೋಗಿದೆ" ಎಂದು ಕೈಬಿಟ್ಟ ಎಷ್ಟೋ ಕಾರ್ಡುಗಳು ಇಷ್ಟರಿಂದಲೇ ಓದಿಸಿಕೊಳ್ಳುತ್ತವೆ.

ಇನ್ನೂ ಹಳೆಯ ಫೋನುಗಳಲ್ಲಿ ಮೈಕ್ರೋ ಎಸ್‌ಡಿ ಇರುವುದಿಲ್ಲ. ನೋಕಿಯಾ 6600ರಲ್ಲಿ ಎಂಎಂಸಿ ಎಂಬ ದೊಡ್ಡ ಕಾರ್ಡು ಇತ್ತು, ಅದು ಅಗಲದ ಎಸ್‌ಡಿ ಸಂದಿಗೆ ಹಿಡಿಯುತ್ತದೆ. ಸೋನಿ ಎರಿಕ್ಸನ್ನಿನ ಹಲವು ಮಾಡೆಲ್‌ಗಳಲ್ಲಿ ಇದ್ದದ್ದು ಎಂ2 ಎಂಬ ಬೇರೆಯೇ ಆಕಾರದ ಕಾರ್ಡು. ಅದಕ್ಕೆ ಎಂ2 ಸಂದಿ ಇರುವ ರೀಡರೇ ಬೇಕು. ಸಿಗದಿದ್ದರೆ ಬ್ಲೂಟೂತ್ ದಾರಿ ಹಿಡಿಯಿರಿ, ಹುಡುಕುತ್ತ ಅಲೆಯಬೇಡಿ.

ರೀಡರಿಗೆ ಹಾಕುವುದು, ನಕಲು ಮಾಡುವುದು

ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಸ್‌ಡಿ ಸಂದಿ ಇದ್ದರೆ ಮೈಕ್ರೋ ಎಸ್‌ಡಿಯನ್ನು ದೊಡ್ಡ ಎಸ್‌ಡಿ ಕಾರ್ಡಿನ ಆಕಾರದ ಅಡಾಪ್ಟರಿನೊಳಗೆ ತೂರಿಸಿ ಅದಕ್ಕೆ ಹಾಕಿ. ಇಲ್ಲದಿದ್ದರೆ ಯುಎಸ್‌ಬಿ ಕಾರ್ಡ್ ರೀಡರ್ ತನ್ನಿ. ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ, ದುಬಾರಿ ಸಾಮಾನಲ್ಲ. ಕೊಳ್ಳುವಾಗ ಮೈಕ್ರೋ ಎಸ್‌ಡಿ ನೇರವಾಗಿ ಕೂರುವ ಸಂದಿ ಇದೆಯೇ ಎಂದು ನೋಡಿ.

ಅಡಾಪ್ಟರಿನ ಪಕ್ಕದಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ, ಅದರ ಹತ್ತಿರ ಲಾಕ್ ಎಂದು ಬರೆದಿರುತ್ತದೆ. ಲಾಕ್ ಆಗಿದ್ದರೆ ಫೋಟೋ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಲಾಕ್ ತಡೆಯುವುದು ಕಾರ್ಡಿನ ಮೇಲೆ ಬರೆಯುವುದನ್ನು, ಓದುವುದನ್ನು ಅಲ್ಲ. ನಮಗೆ ಬೇಕಾಗಿರುವುದೂ ಅದೇ. ಹಳೇ ಕಾರ್ಡಿನಿಂದ ಫೋಟೋ ತೆಗೆಯುವಾಗ ಗುಂಡಿಯನ್ನು ಲಾಕ್ ಕಡೆಗೆ ಜಾರಿಸಿಯೇ ಹಾಕಿ. ಆಗ ಕೈತಪ್ಪಿ ಡಿಲೀಟ್ ಒತ್ತಿದರೂ ಸಾಮಾನ್ಯವಾಗಿ ಅಳಿಸುವುದಿಲ್ಲ, ಕಂಪ್ಯೂಟರಿನ ವೈರಸ್ಸೂ ಕಾರ್ಡಿಗೆ ಹತ್ತುವುದಿಲ್ಲ. ಸೈಬರ್ ಸೆಂಟರಿನಲ್ಲೋ ಬೇರೆಯವರ ಕಂಪ್ಯೂಟರಿನಲ್ಲೋ ಹಾಕುವುದಾದರೆ ಇದನ್ನು ತಪ್ಪಿಸಬೇಡಿ. ಆದರೆ ಮೈಕ್ರೋ ಎಸ್‌ಡಿಯನ್ನು ನೇರವಾಗಿ ತೂರಿಸುವ ರೀಡರಿನಲ್ಲಿ ಈ ಗುಂಡಿ ಇರುವುದಿಲ್ಲ. ಅಲ್ಲಿ ಎಚ್ಚರ ನಿಮ್ಮದೇ.

ಕಾರ್ಡು ಹಾಕಿದ ಮೇಲೆ ವಿಂಡೋಸ್‌ನಲ್ಲಿ ದಿಸ್ ಪಿಸಿ ತೆರೆದರೆ ಇ ಅಥವಾ ಎಫ್ ಅಕ್ಷರದ ಹೊಸ ಡ್ರೈವ್ ಕಾಣುತ್ತದೆ. ಫೋಟೋ ಇರುವ ಫೋಲ್ಡರಿನ ಹೆಸರು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಡಿಸಿಐಎಂ, ಇಮೇಜಸ್, ಫೋಟೋಸ್, ಕ್ಯಾಮೆರಾ ಇವು ಸಾಮಾನ್ಯ. ಬ್ಲೂಟೂತಿನಲ್ಲಿ ಯಾರಾದರೂ ಕಳಿಸಿದ ಫೋಟೋಗಳು ರಿಸೀವ್ಡ್ ಎಂಬ ಬೇರೆ ಫೋಲ್ಡರಿನಲ್ಲಿ ಇರುವುದುಂಟು. ಒಂದೊಂದನ್ನೇ ತೆರೆದು ಹುಡುಕುವ ಬದಲು, ಆ ಡ್ರೈವಿನೊಳಗೆ ನಿಂತು ಬಲಗಡೆ ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಜೆಪಿಜಿ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಕಾರ್ಡಿನ ಯಾವ ಮೂಲೆಯಲ್ಲಿದ್ದರೂ ಆ ಬಗೆಯ ಫೋಟೋಗಳೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಆದರೆ ನಕಲು ಮಾಡುವಾಗ ಪಟ್ಟಿಯಿಂದ ಆರಿಸಿ ತೆಗೆಯುವುದಕ್ಕಿಂತ ಕಾರ್ಡನ್ನು ಇಡಿಯಾಗಿ ನಕಲು ಮಾಡುವುದೇ ಮೇಲು. ಡೆಸ್ಕ್‌ಟಾಪಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಯಾರ ಫೋನು, ಯಾವಾಗ ಇಳಿಸಿದ್ದು ಎಂದು ಹೆಸರು ಕೊಡಿ: "ಅಮ್ಮನ ಬಟನ್ ಫೋನು" ಅಂತ ಬರೆದು ದಿನಾಂಕ ಸೇರಿಸಿದರೆ ಸಾಕು. ಕಾರ್ಡಿನ ಡ್ರೈವ್ ತೆರೆದು, ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆರಿಸಿ, ಕಂಟ್ರೋಲ್ ಮತ್ತು ಸಿ ಒತ್ತಿ, ಹೊಸ ಫೋಲ್ಡರಿಗೆ ಹೋಗಿ ಕಂಟ್ರೋಲ್ ಮತ್ತು ವಿ ಒತ್ತಿ. ಕಂಟ್ರೋಲ್ ಮತ್ತು ಎಕ್ಸ್ ಎಂದರೆ ಕಟ್, ಅದು ಬೇಡ.

ಎರಡು ಮೂರು ಫೋನುಗಳ ಫೋಟೋಗಳನ್ನು ಒಂದೇ ಫೋಲ್ಡರಿಗೆ ಸುರಿಯಬೇಡಿ. ಬಟನ್ ಫೋನುಗಳು ಫೋಟೋಗಳಿಗೆ ಒಂದರಿಂದ ಶುರುಮಾಡಿ ನಂಬರು ಕೊಡುತ್ತವೆ. ಅಮ್ಮನ ಫೋನಿನ ಹನ್ನೆರಡನೇ ಫೋಟೋದ ಹೆಸರೂ ಚಿಕ್ಕಪ್ಪನ ಫೋನಿನ ಹನ್ನೆರಡನೇ ಫೋಟೋದ ಹೆಸರೂ ಒಂದೇ ಆಗಿರಬಹುದು. ಒಂದೇ ಕಡೆ ಹಾಕಿದಾಗ ವಿಂಡೋಸ್ "ರಿಪ್ಲೇಸ್ ಮಾಡಲೇ?" ಎಂದು ಕೇಳುತ್ತದೆ. ಹೂಂ ಎಂದರೆ ಮೊದಲಿನದು ಹೋಯಿತು. ಆ ಪ್ರಶ್ನೆ ಬಂದರೆ ಎರಡನ್ನೂ ಇಟ್ಟುಕೊಳ್ಳುವ ಆಯ್ಕೆಯನ್ನೇ ಒತ್ತಿ.

ಮುಗಿದ ಮೇಲೆ ಎಣಿಕೆ ತಾಳೆ ನೋಡಿ. ಕಾರ್ಡಿನಲ್ಲಿ ಎಲ್ಲವನ್ನೂ ಆರಿಸಿ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಫೈಲು, ಎಷ್ಟು ಬೈಟ್ ಎಂದು ತೋರಿಸುತ್ತದೆ. ಕಂಪ್ಯೂಟರಿನ ಫೋಲ್ಡರಿನಲ್ಲೂ ಅದೇ ಅಂಕಿ ಬರಬೇಕು. ಆಮೇಲೆ ಫೋಟೋಗಳನ್ನು ದೊಡ್ಡ ಚಿತ್ರಗಳಾಗಿ ತೋರಿಸುವ ನೋಟಕ್ಕೆ ಬದಲಿಸಿ ಒಮ್ಮೆ ಕೆಳಗಿನವರೆಗೆ ಹೋಗಿ. ಚಿತ್ರದ ಬದಲು ಬರೀ ಗುರುತು ಕಾಣುವ, ಅಥವಾ ತೆರೆದಾಗ ಕೆಳಗಿನ ಅರ್ಧ ಬೂದುಬಣ್ಣವಾಗಿರುವ ಫೋಟೋ ಇದ್ದರೆ ಅದು ಪೂರ್ತಿ ಬಂದಿಲ್ಲ. ಅದೊಂದನ್ನು ಮತ್ತೆ ನಕಲು ಮಾಡಿ. ಆಗಲೂ ಹಾಗೇ ಇದ್ದರೆ ಕಾರ್ಡನ್ನು ಫೋನಿಗೆ ಹಾಕಿ ಅಲ್ಲಿ ತೆರೆಯುತ್ತದೆಯೇ ನೋಡಿ.

ಫೋಟೋ ತೆಗೆದ ದಿನಾಂಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ತೆಗೆದಿಟ್ಟರೆ ಈ ಫೋನುಗಳಲ್ಲಿ ಹಲವುಗಳ ಗಡಿಯಾರ ಮೊದಲಿಗೆ ಹೋಗುತ್ತದೆ. ಸರಿಪಡಿಸದೆ ತೆಗೆದ ಫೋಟೋಗೆ ಯಾವುದೋ ವರ್ಷದ ಜನವರಿ 1 ಎಂದು ಬಿದ್ದಿರುತ್ತದೆ. ನೆನಪಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಊರು, ಯಾವ ಹಬ್ಬ, ಫೋಟೋದಲ್ಲಿ ಯಾರು ಎಂದು ಫೈಲಿನ ಹೆಸರಿಗೇ ಸೇರಿಸಿ. ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೂ ಮುಂದೂಡಬೇಡಿ. ಆ ನೆನಪು ಇರುವವರು ವಯಸ್ಸಾದವರೇ.

ಮ್ಯಾಕ್ ಮತ್ತು ಉಬುಂಟುವಿನಲ್ಲೂ ಕಾರ್ಡು ಹಾಕಿದರೆ ಡ್ರೈವ್ ಆಗಿ ಕಾಣುತ್ತದೆ, ಮಿಕ್ಕದ್ದೆಲ್ಲ ಹೀಗೆಯೇ.

ಕಾರ್ಡು ಹಾಕಿದಾಗ ಬರುವ ತೊಂದರೆಗಳು

ಎಲ್ಲಕ್ಕಿಂತ ಅಪಾಯದ್ದು, "ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂದು ಇಂಗ್ಲಿಷಿನಲ್ಲಿ ಬರುವ ಸಂದೇಶ. ಕಂಪ್ಯೂಟರಿಗೆ ಕಾರ್ಡಿನ ವಿಳಾಸಪಟ್ಟಿ ಓದಲು ಬರುತ್ತಿಲ್ಲ ಎಂದಷ್ಟೇ ಅದರ ಅರ್ಥ. ಫೋಟೋಗಳು ಒಳಗೆ ಹಾಗೇ ಇರಬಹುದು. ಕ್ಯಾನ್ಸಲ್ ಒತ್ತಿ, ಕಾರ್ಡು ಹೊರತೆಗೆದು, ಪಟ್ಟಿಗಳನ್ನು ರಬ್ಬರಿನಿಂದ ಸ್ವಚ್ಛ ಮಾಡಿ, ಬೇರೆ ಅಡಾಪ್ಟರ್, ಬೇರೆ ರೀಡರ್ ಹಾಕಿ ನೋಡಿ. ಅಗ್ಗದ ಅಡಾಪ್ಟರುಗಳ ಒಳಪಟ್ಟಿ ಸಡಿಲವಾಗಿರುವುದು ಬಹಳ ಸಾಮಾನ್ಯ. ಫೋನಿನಲ್ಲಿ ಕಾರ್ಡು ಸರಿಯಾಗಿ ತೆರೆಯುತ್ತಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಬ್ಲೂಟೂತಿನಲ್ಲಿ ಕಳಿಸಿ.

ಫೋನಿನಲ್ಲೂ ತೆರೆಯದೆ, ಕಂಪ್ಯೂಟರು ಮಾತ್ರ ಕಾರ್ಡಿನ ಅಳತೆಯನ್ನು ಸರಿಯಾಗಿ ತೋರಿಸುತ್ತಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಬಳಸಬಹುದು. ಅದು ವಿಳಾಸಪಟ್ಟಿಯನ್ನು ಬದಿಗಿಟ್ಟು ಕಾರ್ಡನ್ನು ತುದಿಯಿಂದ ತುದಿಗೆ ಓದಿ ಫೋಟೋಗಳನ್ನು ಹೆಕ್ಕುತ್ತದೆ. ಕಾರ್ಡಿನ ಮೇಲೆ ಏನನ್ನೂ ಬರೆಯುವುದಿಲ್ಲ. ಫೈಲುಗಳ ಹಳೇ ಹೆಸರು ಉಳಿಯುವುದಿಲ್ಲ ಅಷ್ಟೆ. ಹೆಕ್ಕಿದ್ದನ್ನು ಎಲ್ಲಿ ಇಡಬೇಕು ಎಂದು ಕೇಳಿದಾಗ ಕಂಪ್ಯೂಟರಿನ ಫೋಲ್ಡರನ್ನೇ ತೋರಿಸಿ, ಅದೇ ಕಾರ್ಡನ್ನು ತೋರಿಸಬೇಡಿ. ಕೈತಪ್ಪಿ ಅಳಿಸಿದ ಫೋಟೋಗಳಿಗೂ ಇದೇ ಮದ್ದು. ಒಂದೇ ಶರತ್ತು: ಅಳಿಸಿದ ಮೇಲೆ ಆ ಕಾರ್ಡಿನಲ್ಲಿ ಹೊಸ ಫೋಟೋ ತೆಗೆದಿರಬಾರದು, ಹಾಡು ತುಂಬಿಸಿರಬಾರದು. ಹೊಸದು ಕೂರುವುದು ಹಳೆಯದರ ಜಾಗದಲ್ಲಿ. ಯಾವ ರೀಡರಿನಲ್ಲೂ ಕಾರ್ಡು ಇದೆ ಎಂಬ ಸುಳಿವೇ ಬರದಿದ್ದರೆ ಒಳಗಿನ ಚಿಪ್ ಹೋಗಿದೆ. ಅದಕ್ಕೆ ಮನೆಯ ಉಪಾಯ ಇಲ್ಲ. ಡೇಟಾ ರಿಕವರಿ ಮಾಡುವವರ ಬಳಿಗೇ ಹೋಗಬೇಕು, ಖರ್ಚು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ತೊಂದರೆ ಶಾರ್ಟ್‌ಕಟ್ ವೈರಸ್. ಒಂದು ಕಾಲದಲ್ಲಿ ಎಲ್ಲರೂ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುತ್ತಿದ್ದೆವು. ಒಂದೇ ಕಂಪ್ಯೂಟರಿಗೆ ದಿನಕ್ಕೆ ಎಷ್ಟೋ ಕಾರ್ಡು ಹಾಕಿದರೆ ವೈರಸ್ಸು ಒಂದರಿಂದ ಒಂದಕ್ಕೆ ಹತ್ತದೆ ಇರುತ್ತದೆಯೇ? ಅಂಥ ಕಾರ್ಡನ್ನು ಈಗ ತೆರೆದರೆ ಫೋಲ್ಡರುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಾಣುತ್ತವೆ. ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವೈರಸ್ಸು ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ನಿಜವಾದ ಫೋಲ್ಡರುಗಳನ್ನು ಅದು ಅಳಿಸಿರುವುದಿಲ್ಲ, ಅಡಗಿಸಿರುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಎಂಬುದಕ್ಕೆ ಟಿಕ್ ಹಾಕಿ. ಹನ್ನೊಂದನೇ ವಿಂಡೋಸ್‌ನಲ್ಲಿ ಅದು ವ್ಯೂ ಒಳಗೆ ಶೋ ಎಂಬಲ್ಲಿದೆ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್ ತೆರೆದು, ಸಿಸ್ಟಮ್ ಫೈಲುಗಳನ್ನು ಅಡಗಿಸಿಡುವ ಸಾಲಿನ ಟಿಕ್ ತೆಗೆಯಿರಿ. ಮಸುಕಾದ ಬಣ್ಣದಲ್ಲಿ ಮೂಲ ಫೋಲ್ಡರುಗಳು ಕಾಣುತ್ತವೆ. ಅವುಗಳೊಳಗೆ ಹೋಗಿ ಫೋಟೋಗಳನ್ನಷ್ಟೇ ನಕಲು ಮಾಡಿಕೊಳ್ಳಿ, ಈ ಒಂದು ಸಲ ಕಾರ್ಡನ್ನು ಇಡಿಯಾಗಿ ನಕಲು ಮಾಡಬೇಡಿ.

ಡಿಲೀಟ್ ಮಾಡಿದ ಫೋಟೋ ಕಾರ್ಡು ತೆಗೆದು ಹಾಕಿದ ಮೇಲೆ ಮತ್ತೆ ಪ್ರತ್ಯಕ್ಷವಾಗುತ್ತಿದ್ದರೆ ಕಾರ್ಡು ಬರೆಯುವ ಶಕ್ತಿ ಕಳೆದುಕೊಂಡಿದೆ, ಓದಲಿಕ್ಕಷ್ಟೇ ಬರುತ್ತಿದೆ. ಅದರ ಆಯಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿದು ಅವತ್ತೇ ನಕಲು ಮಾಡಿಕೊಳ್ಳಿ.

ಕಾರ್ಡಿಲ್ಲದ ಫೋನಿಗೆ ಬ್ಲೂಟೂತ್

ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಫೋನು, ಲ್ಯಾಪ್‌ಟಾಪು ಜೋಡಿಯಾಗಿರುತ್ತವೆ, ಕಳಿಸಿದರೆ ಮಾತ್ರ ಫೇಲ್ಡ್ ಎನ್ನುತ್ತದೆ. ಕಾರಣ, ವಿಂಡೋಸ್ ತಾನಾಗಿ ಫೈಲು ತೆಗೆದುಕೊಳ್ಳುವುದಿಲ್ಲ. ಅದಕ್ಕೆ "ಈಗ ಬರುತ್ತದೆ, ಕಾಯ್ತಾ ಇರು" ಎಂದು ಮೊದಲೇ ಹೇಳಬೇಕು.

1. ಕಂಪ್ಯೂಟರಿನ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತ್ ಆನ್ ಮಾಡಿ. ಫೋನಿನಲ್ಲೂ ಆನ್ ಮಾಡಿ, ವಿಸಿಬಿಲಿಟಿ ಎಂಬುದಿದ್ದರೆ ಎಲ್ಲರಿಗೂ ಕಾಣುವಂತೆ ಇಡಿ.
2. ಕಂಪ್ಯೂಟರಿನಲ್ಲಿ ಹೊಸ ಸಾಧನ ಸೇರಿಸುವ ಆಯ್ಕೆ ಒತ್ತಿ, ಫೋನಿನ ಹೆಸರು ಬಂದಾಗ ಅದನ್ನು ಆರಿಸಿ. ಎರಡೂ ಕಡೆ ಒಂದೇ ಆರಂಕಿಯ ಸಂಖ್ಯೆ ಬಂದರೆ ಎರಡೂ ಕಡೆ ಒಪ್ಪಿಗೆ ಕೊಡಿ. ಹಳೇ ಫೋನು ಪಿನ್ ಕೇಳಿದರೆ 0000 ಅಥವಾ 1234 ಹಾಕಿ, ಎರಡೂ ಕಡೆ ಒಂದೇ ಇರಬೇಕು.
3. ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಎಫ್, ಎಸ್, ಕ್ಯೂ, ಯು, ಐ, ಆರ್, ಟಿ ಈ ಏಳು ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಕಿಟಕಿಯಲ್ಲಿ ರಿಸೀವ್ ಫೈಲ್ಸ್ ಆರಿಸಿ. ಈಗ ಕಂಪ್ಯೂಟರ್ ಕಾಯುತ್ತದೆ.
4. ಫೋನಿನಲ್ಲಿ ಫೋಟೋ ಆರಿಸಿ, ಆಪ್ಷನ್ಸ್, ಸೆಂಡ್, ವಯಾ ಬ್ಲೂಟೂತ್ ಒತ್ತಿ, ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಆರಿಸಿ.
5. ಬಂದು ಮುಗಿದಾಗ ಕಂಪ್ಯೂಟರು ಎಲ್ಲಿ ಉಳಿಸಬೇಕೆಂದು ತೋರಿಸುತ್ತದೆ. ಫಿನಿಶ್ ಒತ್ತಿ. ಒತ್ತದೆ ಕಿಟಕಿ ಮುಚ್ಚಿದರೆ ಬಂದ ಫೋಟೋ ಉಳಿಯುವುದಿಲ್ಲ.

ಮುಂದಿನ ಸಲ ಕಳಿಸುವ ಮೊದಲು ಮೂರನೇ ಹೆಜ್ಜೆಯಿಂದ ಮತ್ತೆ ಶುರು ಮಾಡಬೇಕು. ಫೋನಿನಲ್ಲಿ ಮಾರ್ಕ್ ಮಾಡಿ ಹಲವನ್ನು ಒಟ್ಟಿಗೆ ಕಳಿಸಲು ಬಂದರೆ ಹತ್ತು ಹತ್ತರಂತೆ ಕಳಿಸಿ. ಒಮ್ಮೆಗೇ ನೂರು ಹಾಕಿದರೆ ನಡುವೆ ಕಡಿದುಹೋಗಿ ಯಾವುದು ಬಂತು, ಯಾವುದು ಬರಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇರದೆ ಹೋಗಬಹುದು. ಆಗ ಮನೆಯ ಆಂಡ್ರಾಯ್ಡ್ ಫೋನನ್ನು ನಡುವೆ ತನ್ನಿ. ಬಟನ್ ಫೋನಿನಿಂದ ಆಂಡ್ರಾಯ್ಡಿಗೆ ಬ್ಲೂಟೂತಿನಲ್ಲಿ ಕಳಿಸಿ, ಅಲ್ಲಿಂದ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಹಾಕಿಕೊಳ್ಳಿ. ಬಂದ ಫೋಟೋಗಳು ಬ್ಲೂಟೂತ್ ಎಂಬ ಫೋಲ್ಡರಿನಲ್ಲೋ ಡೌನ್‌ಲೋಡಿನಲ್ಲೋ ಇರುತ್ತವೆ. ಐಫೋನಿನ ಜೊತೆ ಹೆಣಗಬೇಡಿ, ಅದು ಬೇರೆ ಫೋನಿನಿಂದ ಹೀಗೆ ಫೋಟೋ ತೆಗೆದುಕೊಳ್ಳುವುದಿಲ್ಲ. ಹಳೇ ಕಾರ್ಡನ್ನೇ ಆಂಡ್ರಾಯ್ಡ್ ಫೋನಿಗೆ ಹಾಕಿ ನೋಡುವವರಿಗೆ ಒಂದು ಎಚ್ಚರಿಕೆ: ಕಾರ್ಡನ್ನು ಫೋನಿನ ಒಳಸಂಗ್ರಹವಾಗಿ ಬಳಸಲೇ ಎಂದು ಕೇಳಿದರೆ ಒಪ್ಪಬೇಡಿ. ಒಪ್ಪಿದರೆ ಅದು ಕಾರ್ಡನ್ನು ಫಾರ್ಮ್ಯಾಟ್ ಮಾಡುತ್ತದೆ. ಪೋರ್ಟಬಲ್ ಎಂಬುದನ್ನೇ ಆರಿಸಿ.

ಕೇಬಲ್ಲಿನ ದಾರಿ

ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ ಎಂದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ. ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ ಇರಬೇಕು: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಗ್ಗದ ಫೋನಿನ ಜೊತೆ ಬರುವ ಕೆಲವು ಚಾರ್ಜಿಂಗ್ ಕೇಬಲ್ಲುಗಳಲ್ಲಿ ಎರಡೇ ಇರುತ್ತವೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೇರೊಂದು ಆಂಡ್ರಾಯ್ಡ್ ಫೋನಿನಲ್ಲಿ ಫೈಲು ಕಳಿಸಲು ಬಳಸಿ ಗೊತ್ತಿರುವ ಮೈಕ್ರೋ ಯುಎಸ್‌ಬಿ ಕೇಬಲ್ ಹಾಕಿ ನೋಡಿ.

ಸಿಕ್ಕಿಸಿದ ಕೂಡಲೇ ಬಟನ್ ಫೋನಿನ ಪರದೆಯಲ್ಲಿ ಒಂದು ಸಣ್ಣ ಪಟ್ಟಿ ಬರುತ್ತದೆ: ಮಾಸ್ ಸ್ಟೋರೇಜ್, ವೆಬ್‌ಕ್ಯಾಮ್, ಕಾಮ್ ಪೋರ್ಟ್. ಮಾಸ್ ಸ್ಟೋರೇಜ್ ಆರಿಸಿ. ಹತ್ತು ಸೆಕೆಂಡ್ ಬಿಟ್ಟರೆ ಕೆಲವು ಫೋನುಗಳಲ್ಲಿ ಪಟ್ಟಿ ಮಾಯವಾಗಿ ಬರೀ ಚಾರ್ಜಿಂಗ್ ನಡೆಯುತ್ತದೆ. ಆಗ ಕಿತ್ತು ಮತ್ತೆ ಸಿಕ್ಕಿಸಿ. ಜಿಯೋಫೋನಿನಲ್ಲಿ ಪಟ್ಟಿ ಬರುವುದಿಲ್ಲ, ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಒಳಗೆ ಹೋಗಿ ಯುಎಸ್‌ಬಿ ಸ್ಟೋರೇಜ್ ಆನ್ ಮಾಡಬೇಕು. ನೋಕಿಯಾದ ಹಳೇ ಮಾಡೆಲ್‌ಗಳಲ್ಲಿ ತೆಳು ಪಿನ್ನಿನ ತೂತು ಚಾರ್ಜಿಗೆ ಮಾತ್ರ, ಡೇಟಾ ಕೇಬಲ್ಲಿಗೆ ಬೇರೆ ಜಾಗ ಇರುತ್ತದೆ.

ಡ್ರೈವ್ ಕಾಣಿಸಿಕೊಂಡ ಮೇಲೆ ನಕಲು ಮಾಡುವ ರೀತಿ ಕಾರ್ಡಿನದ್ದೇ. ವೇಗ ಮಾತ್ರ ತೀರಾ ಕಡಿಮೆ. ಈ ಫೋನುಗಳಲ್ಲಿ ಹಲವು ಸೆಕೆಂಡಿಗೆ ಒಂದು ಎಂಬಿಯನ್ನೂ ಮುಟ್ಟುವುದಿಲ್ಲ, 1 ಜಿಬಿಗೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು. ನಡುವೆ ಕೇಬಲ್ ಅಲ್ಲಾಡಿಸಬೇಡಿ. ಮುಗಿದ ಮೇಲೆ ಇಜೆಕ್ಟ್ ಕೊಟ್ಟೇ ಕೀಳಿ.

ಫೋನೇ ಆನ್ ಆಗದಿದ್ದರೆ

ಕಾರ್ಡು ತೆಗೆದು ರೀಡರಿಗೆ ಹಾಕಲು ಫೋನು ಆನ್ ಆಗಬೇಕಿಲ್ಲ. ಕಷ್ಟ ಇರುವುದು ಒಳಮೆಮೊರಿಯ ಫೋಟೋಗಳದ್ದು. ಮೊದಲು ಬ್ಯಾಟರಿ ಬದಲಿಸಿ ನೋಡಿ. ಬ್ಯಾಟರಿಯ ಮೇಲೆ ಬಿಎಲ್-5ಸಿ ಎಂಬಂಥ ಸಂಖ್ಯೆ ಇರುತ್ತದೆ, ಅದೇ ಸಂಖ್ಯೆಯದನ್ನು ತನ್ನಿ. 5ಸಿ ಈಗಲೂ ಸಣ್ಣ ಊರಿನ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಯಾಕೆಂದರೆ ಎಷ್ಟೋ ಸಣ್ಣ ರೇಡಿಯೋ, ಸ್ಪೀಕರುಗಳಿಗೂ ಅದೇ ಬ್ಯಾಟರಿ. ಅಪರೂಪದ್ದಾದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ವಿಚಾರಿಸಿ.

ಕೆಲವು ಹಳೇ ಫೋನು ಸಿಮ್ ಇಲ್ಲದೆ ಮೆನುವನ್ನೇ ತೆರೆಯುವುದಿಲ್ಲ. ಬಂದ್ ಆದ ಹಳೇ ಸಿಮ್ ಹಾಕಿದರೂ ನಡೆಯುತ್ತದೆ. ಫೋನು ಸೆಕ್ಯುರಿಟಿ ಕೋಡ್ ಕೇಳಿದರೆ ಹಳೇ ನೋಕಿಯಾದಲ್ಲಿ 12345, ಮಿಕ್ಕ ಬಟನ್ ಫೋನುಗಳಲ್ಲಿ 1234, 0000, 1122 ಪ್ರಯತ್ನಿಸಿ.

ರಿಪೇರಿಗೆ ಕೊಡುವುದೇ ಆದರೆ ಕೊಡುವಾಗಲೇ "ಒಳಗೆ ಫೋಟೋ ಇದೆ, ಸಾಫ್ಟ್‌ವೇರ್ ಹೊಡೀಬೇಡಿ" ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ. ಆನ್ ಆಗದ ಫೋನಿಗೆ ಫ್ಲ್ಯಾಶ್ ಹೊಡೆಯುವುದು, ಅಂದರೆ ಸಾಫ್ಟ್‌ವೇರನ್ನು ಹೊಸದಾಗಿ ತುಂಬುವುದು, ಅಂಗಡಿಗಳಲ್ಲಿ ಮಾಮೂಲು. ಫೋನು ಎದ್ದು ಕೂರುತ್ತದೆ, ಒಳಮೆಮೊರಿ ಮಾತ್ರ ಖಾಲಿಯಾಗಿರುತ್ತದೆ.

ಇಳಿಸಿಕೊಂಡ ಫೋಟೋ ಪ್ರಿಂಟ್ ಹಾಕಿಸುವಾಗ

ಒಂದು ನಕಲು ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲೋ ಗೂಗಲ್ ಡ್ರೈವಿನಲ್ಲೋ ಇರಲಿ. ಸ್ಟುಡಿಯೋಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಮೊದಲೇ ಸಣ್ಣ ಫೋಟೋ ಇನ್ನೂ ಕುಗ್ಗಿ ಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ಯುವುದು ಇನ್ನೂ ಒಳ್ಳೆಯದು.

ಗೋಡೆಗೆ ಹಾಕಲು ದೊಡ್ಡದು ಮಾಡಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಳತೆ ಮೊದಲೇ ತಿಳಿದಿರಲಿ. ವಿಜಿಎ ಕ್ಯಾಮೆರಾದ ಫೋಟೋದಲ್ಲಿ ಇರುವುದು ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಹಾಕಿದರೆ 2.1 ಇಂಚು ಅಗಲ, 1.6 ಇಂಚು ಉದ್ದ ಬರುತ್ತದೆ. 200 ಚುಕ್ಕಿಗೆ ಇಳಿಸಿದರೂ 3.2 ಇಂಚಿಗೆ 2.4 ಇಂಚು. ಎರಡು ಮೆಗಾಪಿಕ್ಸೆಲ್ಲಿನದಾದರೆ, ಅಂದರೆ 1600ಕ್ಕೆ 1200 ಚುಕ್ಕಿ ಇದ್ದರೆ, 300 ಚುಕ್ಕಿಯ ಲೆಕ್ಕದಲ್ಲಿ 5.3 ಇಂಚಿಗೆ 4 ಇಂಚು ಚೆನ್ನಾಗಿ ಬರುತ್ತದೆ. ಅಜ್ಜಿಯ ವಿಜಿಎ ಫೋಟೋವನ್ನು 12 ಇಂಚಿಗೆ ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಸ್ಟುಡಿಯೋದವರು ನಯ ಮಾಡಿ ಕೊಡುತ್ತೇವೆ ಎಂದು ಅದನ್ನು ತಿದ್ದಿದರೆ ಸುಕ್ಕುಗಳೆಲ್ಲ ಮಾಸಿ ಯಾರೋ ಬೇರೆಯವರ ಮುಖ ಆಗಿಬಿಡುತ್ತದೆ. ಅದರ ಬದಲು ಫೋಟೋವನ್ನು 3 ಇಂಚಿನಷ್ಟೇ ಪ್ರಿಂಟ್ ಹಾಕಿಸಿ, ಸುತ್ತ ಅಗಲವಾಗಿ ಬಿಳಿ ಮೌಂಟ್ ಬಿಟ್ಟು, 8ಕ್ಕೆ 10 ಇಂಚಿನ ಫ್ರೇಮಿನಲ್ಲಿ ಕೂರಿಸಲು ಹೇಳಿ.